ಎವ್ಗೆನಿ ಸ್ವೆಶ್ನಿಕೊವ್: ಚೆಲ್ಯಾಬಿನ್ಸ್ಕ್‌ನ ಗ್ರ್ಯಾಂಡ್‌ಮಾಸ್ಟರ್, ಅವನ ಓಪನಿಂಗ್‌ಗಳು

ಸ್ವೆಶ್ನಿಕೊವ್, ಎವ್ಗೆನಿ: 1950-2021. ಸೋವಿಯತ್ ಒಕ್ಕೂಟದಲ್ಲಿ ಬೆಳೆದು ಮುಂದೆ ಲಾಟ್ವಿಯದ ಪರವಾಗಿಯೂ ಆಡಿದ ಚದುರಂಗ ಗ್ರ್ಯಾಂಡ್‌ಮಾಸ್ಟರ್, ಓಪನಿಂಗ್ (ಅಂದರೆ ಆಟದ ಆರಂಭದ ನಡೆಗಳ) ತಜ್ಞ, ಲೇಖಕ. ಕಪ್ಪು ಕಾಯಿಗಳ ಓಪನಿಂಗ್ ಆದ ಸಿಸಿಲಿಯನ್ ಡಿಫೆನ್ಸ್‌ನ ಒಂದು ದೊಡ್ಡ ಕವಲು ಈತನ ಹೆಸರಿನಲ್ಲಿದೆ. ಈತ ವಿಶ್ವ ಪಟ್ಟಕ್ಕೆ ಆಡಿದವನಲ್ಲ, ಅದರ ಹಿಂದಿನ ಮೆಟ್ಟಿಲಾದ ಕ್ಯಾಂಡಿಡೇಟ್ಸ್ ಹಂತವನ್ನೂ ಮುಟ್ಟಲಿಲ್ಲ. ಕಾರ್ಪೊವ್, ಕ್ಯಾಸ್ಪರೊವ್, ಆನಂದ್ ಎಂಬ ಹೆಸರುಗಳು ಮನೆಮಾತಾದ ಕಾಲದಲ್ಲಿ ಸ್ವೆಶ್ನಿಕೊವ್ ಎಂಬ ಹೆಸರು ಗಟ್ಟಿಯಾಗಿ ಚದುರಂಗ ಕಲಿತವರ ವಲಯದ ಆಚೆಗೆ ಹೋಗಲಿಲ್ಲ. ಅಲ್ಲಿಯೂ ಎಷ್ಟೋ ಮಂದಿಗೆ ಅದು ನಡೆಗಳ ಒಂದು ಕ್ರಮದ ಹೆಸರೇ ಹೊರತು ಮನುಷ್ಯನೊಬ್ಬನ ಹೆಸರಲ್ಲ. ಆದರೆ 2012ರಲ್ಲಿ ಮಾಸ್ಕೋದಲ್ಲಿ ವಿಶ್ವನಾಥನ್ ಆನಂದ್ ಎದುರು ಬೋರಿಸ್ ಗೆಲ್ಫಾಂಡ್, 2018ರಲ್ಲಿ ಲಂಡನ್ನಿನಲ್ಲಿ ಫ್ಯಾಬಿಯಾನೊ ಕರುವಾನ ಎದುರು ಮ್ಯಾಗ್ನಸ್ ಕಾರ್ಲ್‌ಸನ್ ಕಪ್ಪು ಕಾಯಿಗಳಿಂದ ನೆಚ್ಚಿಕೊಂಡದ್ದು ಈತ ಕಟ್ಟಿಕೊಟ್ಟ ಕ್ರಮವನ್ನೇ. ಟೂರ್ನಿಗಳಲ್ಲಿ ಗಳಿಸಿದ ಅಂಕಗಳಿಂದ ಅಳೆದರೆ ಈತ ತನ್ನ ಪೀಳಿಗೆಯ ಹತ್ತಾರು ಸಮರ್ಥ ಸೋವಿಯತ್ ಆಟಗಾರರಲ್ಲಿ ಒಬ್ಬ. ಚದುರಂಗದ ತಿಳಿವಳಿಕೆಗೆ ಸೇರಿಸಿದ್ದನ್ನು ಲೆಕ್ಕ ಹಾಕಿದರೆ ಕೆಲವು ವಿಶ್ವ ಚಾಂಪಿಯನ್ನರಿಗಿಂತಲೂ ಮೇಲೆ ನಿಲ್ಲುತ್ತಾನೆ.

ಹುಟ್ಟು, ಊರು, ಕಲಿಕೆ

ಸ್ವೆಶ್ನಿಕೊವ್ ಹುಟ್ಟಿದ್ದು 1950ರ ಫೆಬ್ರವರಿ 11ರಂದು, ಉರಲ್ ಪರ್ವತಗಳ ಪೂರ್ವ ಅಂಚಿನ ಚೆಲ್ಯಾಬಿನ್ಸ್ಕ್ ನಗರದಲ್ಲಿ. ಉಕ್ಕು, ಟ್ರ್ಯಾಕ್ಟರುಗಳ ಊರು ಅದು. ಎರಡನೆಯ ಮಹಾಯುದ್ಧದ ವೇಳೆ ಅಲ್ಲಿನ ಕಾರ್ಖಾನೆಗಳು ತಯಾರಿಸಿದ ಟ್ಯಾಂಕುಗಳಿಂದಾಗಿ ಅದಕ್ಕೆ ಟ್ಯಾಂಕೊಗ್ರಾಡ್ ಎಂಬ ಅಡ್ಡಹೆಸರೂ ಅಂಟಿಕೊಂಡಿತ್ತು. ಸೋವಿಯತ್ ಚದುರಂಗದ ಕೇಂದ್ರಗಳೆಂದರೆ ಮಾಸ್ಕೋ ಮತ್ತು ಲೆನಿನ್‌ಗ್ರಾಡ್. ಹೆಸರಾಂತ ಕ್ಲಬ್ಬುಗಳು, ಪತ್ರಿಕೆಗಳು, ಗ್ರಂಥಾಲಯಗಳು, ದೊಡ್ಡ ತರಬೇತುದಾರರು ಎಲ್ಲವೂ ಅಲ್ಲಿದ್ದವು. ಆದರೂ ಚೆಲ್ಯಾಬಿನ್ಸ್ಕ್‌ನ ಪಯೊನೀರ್ ಅರಮನೆಯಲ್ಲಿ, ಅಂದರೆ ಶಾಲಾ ಮಕ್ಕಳ ಸರ್ಕಾರಿ ಹವ್ಯಾಸ ಕೇಂದ್ರದಲ್ಲಿ, ಲಿಯೊನಿಡ್ ಗ್ರಾತ್ವೊಲ್ ಎಂಬ ತರಬೇತುದಾರ ಒಂದು ಗಟ್ಟಿ ತಂಡವನ್ನು ಬೆಳೆಸಿದ. ಅದೇ ಪ್ರಾಂತದ ಜ್ಲಾತೌಸ್ತ್‌ನಲ್ಲಿ 1951ರಲ್ಲಿ ಹುಟ್ಟಿದ ಅನಾತೊಲಿ ಕಾರ್ಪೊವ್, ಸ್ವೆಶ್ನಿಕೊವ್‌ಗಿಂತ ಒಂದು ವರ್ಷ ಹಿರಿಯನಾದ ಗೆನಾಡಿ ಟಿಮೊಶ್ಚೆಂಕೊ ಇಬ್ಬರೂ ಆ ಕೇಂದ್ರದ ಒಡನಾಡಿಗಳು. ಮುಂದೆ ವಿಶ್ವ ಚಾಂಪಿಯನ್ ಆದ ಕಾರ್ಪೊವ್‌ನ ಕಥೆ ಬೇರೆ. ಈ ಲೇಖನಕ್ಕೆ ಹೆಚ್ಚು ಸಂಬಂಧಪಟ್ಟವನು ಟಿಮೊಶ್ಚೆಂಕೊ. ಸ್ವೆಶ್ನಿಕೊವ್ ಕ್ರಮದ ಮೊದಲ ವರ್ಷಗಳ ಕೆಲಸದಲ್ಲಿ ಆತ ಸಮಪಾಲುದಾರ.

ಸ್ವೆಶ್ನಿಕೊವ್ ಓದಿದ್ದು ಇಂಜಿನಿಯರಿಂಗ್. ಇದು ಪರಿಚಯಕ್ಕಾಗಿ ಹೇಳುವ ಮಾತಷ್ಟೇ ಅಲ್ಲ. ಒಂದು ಸಮಸ್ಯೆಯನ್ನು ಆಯ್ದು, ಅದನ್ನು ತುಂಡುಗಳಾಗಿ ಬಿಡಿಸಿ, ಪ್ರತಿ ತುಂಡನ್ನೂ ಮತ್ತೆ ಮತ್ತೆ ಪರೀಕ್ಷಿಸಿ, ಫಲಿತಾಂಶ ಬರೆದಿಟ್ಟುಕೊಳ್ಳುವ ಅಭ್ಯಾಸ ಈತನ ಚದುರಂಗದ ಉದ್ದಕ್ಕೂ ಕಾಣುತ್ತದೆ.

ಟೂರ್ನಿಗಳ ಹಾದಿ

17ನೆಯ ವಯಸ್ಸಿಗೇ ಸೋವಿಯತ್ ಚಾಂಪಿಯನ್‌ಷಿಪ್‌ನಲ್ಲಿ ಆಡಿದ ಈತ 1970ರ ದಶಕದಲ್ಲಿ ವೇಗವಾಗಿ ಮೇಲೇರಿದ. 1973ರಲ್ಲಿ ಬಲ್ಗೇರಿಯದ ಪ್ಲೊವ್‌ಡಿವ್, 1974ರಲ್ಲಿ ಚೆಕೊಸ್ಲೊವಾಕಿಯದ ಡೆಚಿನ್ ಟೂರ್ನಿಗಳಲ್ಲಿ ಮೊದಲ ಸ್ಥಾನ ಬಂತು. 1976ರಲ್ಲಿ ಸೋಚಿಯಲ್ಲಿ ನಡೆದ ಟೂರ್ನಿಯಲ್ಲಿ ಲೆವ್ ಪೊಲುಗಾಯೆವ್‌ಸ್ಕಿಯೊಂದಿಗೆ ಮೊದಲ ಸ್ಥಾನ ಹಂಚಿಕೊಂಡ. ಪೊಲುಗಾಯೆವ್‌ಸ್ಕಿಯೂ ಸಿಸಿಲಿಯನ್‌ನ ಇನ್ನೊಂದು ಕವಲಿಗೆ ವರ್ಷಗಟ್ಟಲೆ ದುಡಿದು ಅದಕ್ಕೆ ತನ್ನ ಹೆಸರು ಕೊಟ್ಟವನು. ಆ ಕಾಲದ ಇಬ್ಬರು ಮಹಾ ಸಂಶೋಧಕರು ಒಂದೇ ಟೂರ್ನಿಯ ತುದಿಯಲ್ಲಿ ಜೊತೆಯಾಗಿ ನಿಂತದ್ದು ಚದುರಂಗದ ಇತಿಹಾಸ ಬಲ್ಲವರಿಗೆ ಖುಷಿ ಕೊಡುವ ಸಂಗತಿ. 1977ರಲ್ಲಿ ಫ್ರಾನ್ಸಿನ ಲ ಹಾವ್ರ್‌ನಲ್ಲಿ ಗೆದ್ದ ಸ್ವೆಶ್ನಿಕೊವ್‌ಗೆ ಅದೇ ವರ್ಷ ಗ್ರ್ಯಾಂಡ್‌ಮಾಸ್ಟರ್ ಪದವಿ ದೊರೆಯಿತು. 1979ರಲ್ಲಿ ಕ್ಯೂಬಾದ ಸಿಯೆನ್‌ಫುಯೆಗೊಸ್‌ನಲ್ಲಿ ನಡೆದ ಕಪಾಬ್ಲಾಂಕಾ ಸ್ಮಾರಕ ಟೂರ್ನಿ, 1984-85ರ ಇಂಗ್ಲೆಂಡಿನ ಹೇಸ್ಟಿಂಗ್ಸ್ ಟೂರ್ನಿ ಈತನ ಇತರ ದೊಡ್ಡ ಗೆಲುವುಗಳು.

ಸೋವಿಯತ್ ಚಾಂಪಿಯನ್‌ಷಿಪ್‌ನ ಫೈನಲ್‌ನಲ್ಲಿ ಹಲವು ಬಾರಿ ಆಡಿದರೂ ಅಲ್ಲಿ ಮೊದಲ ಸ್ಥಾನ ದಕ್ಕಲಿಲ್ಲ. ಆ ದಿನಗಳಲ್ಲಿ ಆ ಟೂರ್ನಿ ಎಂಥದೆಂದು ತಿಳಿಯದೆ ಈ ಮಾತನ್ನು ಕೊರತೆಯೆಂದು ಓದಬಾರದು. ಜಗತ್ತಿನ ಮೊದಲ ಇಪ್ಪತ್ತು ಆಟಗಾರರಲ್ಲಿ ದೊಡ್ಡ ಪಾಲು ಒಂದೇ ದೇಶದವರಾಗಿದ್ದಾಗ, ಆ ದೇಶದ ಫೈನಲ್‌ಗೆ ಬರುವುದೇ ಹೊರಗಿನ ಎಷ್ಟೋ ಅಂತರರಾಷ್ಟ್ರೀಯ ಟೂರ್ನಿಗಳನ್ನು ಗೆಲ್ಲುವುದಕ್ಕಿಂತ ಕಷ್ಟವಾಗಿತ್ತು. ವಿದೇಶ ಪ್ರಯಾಣದ ಅವಕಾಶವನ್ನೂ ಸರ್ಕಾರವೇ ಹಂಚುತ್ತಿದ್ದುದರಿಂದ ಹೊರಗಿನ ಟೂರ್ನಿಗಳಲ್ಲಿ ಆಡುವುದೂ ಆಟಗಾರನ ಕೈಯಲ್ಲಿರಲಿಲ್ಲ.

5...ಇ5: ಬೇಡದ ನಡೆಯೊಂದರ ಹಿನ್ನೆಲೆ

ಇಲ್ಲಿಂದ ಮುಂದೆ ನಡೆಗಳನ್ನು ಬರೆಯುವಾಗ ಕುದುರೆಗೆ ‘ಕು’, ಒಂಟೆಗೆ ‘ಒಂ’, ರಾಣಿಗೆ ‘ರಾ’, ಆನೆಗೆ ‘ಆ’ ಎಂಬ ಗುರುತುಗಳನ್ನು ಬಳಸಲಾಗಿದೆ. ಗುರುತಿಲ್ಲದ್ದು ಕಾಲಾಳಿನ ನಡೆ. ‘×’ ಎಂದರೆ ಹೊಡೆತ, ಅಂಕಿಯ ಮುಂದೆ ಮೂರು ಚುಕ್ಕೆ ಇದ್ದರೆ ಅದು ಕಪ್ಪಿನ ನಡೆ.

ಸ್ವೆಶ್ನಿಕೊವ್ ಕ್ರಮ ಶುರುವಾಗುವುದು ಹೀಗೆ: 1.ಇ4 ಸಿ5 2.ಕುಎಫ್3 ಕುಸಿ6 3.ಡಿ4 ಸಿ×ಡಿ4 4.ಕು×ಡಿ4 ಕುಎಫ್6 5.ಕುಸಿ3 ಇ5.

ಕಪ್ಪಿನ ಈ ಐದನೆಯ ನಡೆಯನ್ನು ಹೊಸಬನೊಬ್ಬ ಆಡಿದರೆ ಮೇಷ್ಟರು ತಡೆದು ತಿದ್ದುವ ಸಂಭವವೇ ಹೆಚ್ಚು. ಇ ಕಾಲಾಳು ಇ5ಕ್ಕೆ ಬಂದೊಡನೆ ಡಿ5 ಮನೆಯನ್ನು ಕಾಯಲು ಕಪ್ಪಿಗೆ ಕಾಲಾಳೇ ಉಳಿಯುವುದಿಲ್ಲ. ಸಿ ಕಾಲಾಳು ಆಗಲೇ ಬದಲಾಗಿ ಹೋಗಿದೆ. ಡಿ ಸಾಲಿನ ಕಾಲಾಳು ಹಿಂದೆ ಬಿದ್ದು ಬಿಳಿಯ ಕಣ್ಣಿಗೆ ಗುರಿಯಾಗುತ್ತದೆ. ಕೇಂದ್ರದಲ್ಲಿ ಕಾಯಂ ತೂತು, ಹಿಂದುಳಿದ ಕಾಲಾಳು: ಇವೆರಡನ್ನೂ ತಾನಾಗಿಯೇ ತಂದುಕೊಳ್ಳಬಾರದೆಂಬುದು ಆಗಿನ ಪಠ್ಯಪುಸ್ತಕಗಳ ಮೊದಲ ಪಾಠಗಳಲ್ಲಿ ಒಂದು.

ನಡೆ ಮಾತ್ರ ಹಳೆಯದೇ. 1910ರಲ್ಲಿ ಕಾರ್ಲ್ ಶ್ಲೆಕ್ಟರ್ ಎದುರಿನ ವಿಶ್ವ ಪಟ್ಟದ ಸರಣಿಯ ಒಂಬತ್ತನೆಯ ಆಟದಲ್ಲಿ ಎಮಾನುಯೆಲ್ ಲಾಸ್ಕರ್ ಇದನ್ನು ಆಡಿದ್ದ. ಶ್ಲೆಕ್ಟರ್ ಕುದುರೆಯನ್ನು ಬಿ3ಕ್ಕೆ ಹಿಂದೆಗೆದ, ಲಾಸ್ಕರ್ ಒಂಟೆಯನ್ನು ಬಿ4ಕ್ಕೆ ತಂದು ಸಿ3ರ ಕುದುರೆಯನ್ನು ಕಟ್ಟಿಹಾಕಿದ, ಆಟ ಡ್ರಾ ಆಯಿತು. ಆಮೇಲೆ ದಶಕಗಳ ಕಾಲ ಇದು ಮೂಲೆಯಲ್ಲಿ ಬಿದ್ದಿತ್ತು. 1950ರ ದಶಕದಲ್ಲಿ ಅರ್ಜೆಂಟೀನದ ಹೋರ್ಹೆ ಪೆಲಿಕಾನ್ ಇದನ್ನು ಮತ್ತೆ ಕೈಗೆತ್ತಿಕೊಂಡ. ಮೂಲತಃ ಬೊಹಿಮಿಯದವನಾದ ಈತ 1939ರ ಬ್ಯೂನಸ್ ಐರಿಸ್ ಒಲಿಂಪಿಯಾಡ್‌ಗೆ ಬಂದು, ಯುರೋಪಿನಲ್ಲಿ ಯುದ್ಧ ಶುರುವಾದ್ದರಿಂದ ಅಲ್ಲಿಯೇ ಉಳಿದುಕೊಂಡವನು. ಹೀಗಾಗಿ ಕ್ರಮಕ್ಕೆ ಲಾಸ್ಕರ್-ಪೆಲಿಕಾನ್ ಎಂಬ ಹೆಸರು ನಿಂತಿತು. ಪೆಲಿಕಾನ್ ಎಂಟನೆಯ ನಡೆಯಲ್ಲಿ ಒಂಟೆಯನ್ನು ಇ6ಕ್ಕೆ ಇಡುತ್ತಿದ್ದ. ಅದು ಕಪ್ಪು ತನ್ನ ದೌರ್ಬಲ್ಯವನ್ನು ಒಪ್ಪಿಕೊಂಡು ಅದಕ್ಕೆ ಕಾವಲು ಹಾಕುವ ಆಟ. ಅಷ್ಟರಿಂದ ಕ್ರಮಕ್ಕೆ ಮರ್ಯಾದೆ ಬರಲಿಲ್ಲ.

ಎಂಟನೆಯ ನಡೆ

1960ರ ದಶಕದ ಕೊನೆಯಿಂದ ಸ್ವೆಶ್ನಿಕೊವ್, ಟಿಮೊಶ್ಚೆಂಕೊ ಇಬ್ಬರೂ ಇದರ ಮೇಲೆ ಕೂತರು. ಅವರು ತಂದ ಬದಲಾವಣೆಯ ತಿರುಳು ಎಂಟನೆಯ ನಡೆಯಲ್ಲಿದೆ. ಮುಖ್ಯ ದಾರಿ ಹೀಗೆ ಸಾಗುತ್ತದೆ: 6.ಕುಡಿಬಿ5 ಡಿ6 7.ಒಂಜಿ5 ಎ6 8.ಕುಎ3 ಬಿ5.

ಇದನ್ನು ನಿಧಾನವಾಗಿ ನೋಡಬೇಕು. ಆರನೆಯ ನಡೆಯಲ್ಲಿ ಬಿಳಿಯ ಕುದುರೆ ಬಿ5ಕ್ಕೆ ಹಾರುವುದು ಡಿ6ಕ್ಕೆ ನುಗ್ಗಿ ಷಾ ಕೊಡುವ ಬೆದರಿಕೆಯೊಡನೆ. ಕಪ್ಪು ಡಿ6 ಆಡಿ ಬಾಗಿಲು ಹಾಕುತ್ತದೆ. ಏಳನೆಯ ನಡೆಯಲ್ಲಿ ಬಿಳಿಯ ಒಂಟೆ ಜಿ5ಕ್ಕೆ ಬಂದು ಎಫ್6ರ ಕುದುರೆಯನ್ನು ಕಟ್ಟುತ್ತದೆ, ಏಕೆಂದರೆ ಡಿ5ನ್ನು ಕಾಯುತ್ತಿರುವ ಮುಖ್ಯ ಕಾವಲುಗಾರ ಆ ಕುದುರೆಯೇ. ಕಪ್ಪು ಎ6 ಎಂದು ಬಿ5ರ ಕುದುರೆಯನ್ನು ಕೇಳುತ್ತದೆ, ಕುದುರೆ ಎ3ಕ್ಕೆ ಹೋಗಬೇಕಾಗುತ್ತದೆ. ಈಗ ಲೆಕ್ಕ ಹಾಕಿ. ಈ ಒಂದೇ ಕುದುರೆ ಎಫ್3, ಡಿ4, ಬಿ5, ಎ3 ಎಂದು ನಾಲ್ಕು ನಡೆ ತಿಂದು ಹಲಗೆಯ ಅಂಚಿಗೆ ಬಂದು ಕೂತಿದೆ. ಬಿಳಿಯ ಎಂಟು ನಡೆಗಳಲ್ಲಿ ಅರ್ಧ ಅದಕ್ಕೇ ಖರ್ಚಾಗಿವೆ. ಕಪ್ಪು ಒಪ್ಪಿಕೊಂಡ ತೂತಿಗೆ ಸಿಕ್ಕ ಬೆಲೆ ಇದು.

ಪೆಲಿಕಾನ್ ಈ ಬೆಲೆಯನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಸ್ವೆಶ್ನಿಕೊವ್ ತೆಗೆದುಕೊಂಡ. 8...ಬಿ5 ಎನ್ನುವುದು ಎ3ರ ಕುದುರೆಯನ್ನು ಅಲ್ಲಿಯೇ ಕೂರಿಸಿ, ಮುಂದಿನ ನಡೆಯಲ್ಲಿ ಬಿ4 ಆಡಿ ಎ3, ಸಿ3 ಎರಡೂ ಕುದುರೆಗಳನ್ನು ಒಟ್ಟಿಗೆ ಇರಿಯುವ ಬೆದರಿಕೆ. ಬಿಳಿಗೆ ಪುರಸೊತ್ತಿಲ್ಲ, ತಕ್ಷಣ ತೀರ್ಮಾನಿಸಬೇಕು. ಅದಕ್ಕೆ ಎರಡು ದಾರಿಗಳಿವೆ.

ಒಂದು ದಾರಿ 9.ಒಂ×ಎಫ್6. ಕಪ್ಪು ರಾಣಿಯಿಂದ ಹೊಡೆದರೆ ಬಿಳಿಯ ಕುದುರೆ ಡಿ5ಕ್ಕೆ ಬಂದು ರಾಣಿಯ ಮೇಲೇ ಬೀಳುತ್ತದೆ. ಆದ್ದರಿಂದ 9...ಜಿ×ಎಫ್6 ಎಂದು ಕಾಲಾಳಿನಿಂದ ಹೊಡೆಯಬೇಕು. ರಾಜನ ಕಡೆಯ ಕಾಲಾಳುಗಳು ಒಡೆದು ಎಫ್ ಸಾಲಿನಲ್ಲಿ ಜೋಡಿಯಾಗುತ್ತವೆ. 10.ಕುಡಿ5 ಎಂದು ಬಿಳಿ ಕನಸಿನ ಮನೆಯನ್ನು ಹಿಡಿಯುತ್ತದೆ. ಈ ಸ್ಥಿತಿಯ ಚಿತ್ರವನ್ನಷ್ಟೇ ನೋಡಿದರೆ ಕಪ್ಪಿನ ಪಾಡು ದಯನೀಯ. ಆದರೆ ಕಪ್ಪಿನ ಕೈಯಲ್ಲಿ ಎರಡು ಒಂಟೆಗಳಿವೆ, ಅರೆತೆರೆದ ಜಿ ಸಾಲಿದೆ, ಎಲ್ಲಕ್ಕಿಂತ ಮುಖ್ಯವಾಗಿ 10...ಎಫ್5 ಎಂಬ ನಡೆಯಿದೆ. ಜೋಡಿ ಕಾಲಾಳುಗಳಲ್ಲಿ ಮುಂದಿನದು ಬಿಳಿಯ ಇ4ನ್ನು ಗುದ್ದಿ ಕೇಂದ್ರವನ್ನು ಬಿಚ್ಚುತ್ತದೆ. ದೌರ್ಬಲ್ಯವೆಂದು ಎಣಿಸಿದ್ದೇ ಹತಾರವಾಗುತ್ತದೆ. ಈ ಘಟ್ಟದಲ್ಲಿ ಬಿಳಿ 11.ಒಂ×ಬಿ5 ಎಂದು ಒಂಟೆಯನ್ನೇ ಬಲಿಕೊಟ್ಟು, 11...ಎ×ಬಿ5 12.ಕು×ಬಿ5 ಎಂದು ಸಿ7ರ ಕಡೆ ನುಗ್ಗುವುದುಂಟು. ಕಪ್ಪಿನ ಉತ್ತರ 12...ಆಎ4. ಎ ಸಾಲು ತೆರೆದದ್ದರ ಲಾಭ ಪಡೆದು ಆನೆ ನಾಲ್ಕನೆಯ ಅಡ್ಡಸಾಲಿಗೆ ಇಳಿದು ಇ4ರ ಮೇಲೆ ಕಣ್ಣಿಡುತ್ತದೆ. 13.ಕುಬಿಸಿ7 ಷಾ, 13...ರಾಜ ಡಿ7. ಕೋಟೆ ಕಟ್ಟದ ರಾಜ ಹಲಗೆಯ ನಡುವೆ, ಎರಡು ಬಿಳಿಯ ಕುದುರೆಗಳ ಮೂಗಿನಡಿ ನಿಂತಿದ್ದಾನೆ. ಆದರೂ ಆಟ ಎರಡೂ ಕಡೆಗೆ ತೂಗುತ್ತದೆ. ಇಂಥ ಸ್ಥಿತಿಯನ್ನು ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಹಲಗೆಯ ಮುಂದೆ ಕೂತು ಬಿಡಿಸಿ, ಅದರ ಮೇಲೆ ತನ್ನ ಟೂರ್ನಿ ಬದುಕನ್ನು ಪಣಕ್ಕಿಡಲು ಎಷ್ಟು ಕೆಲಸ, ಎಷ್ಟು ಧೈರ್ಯ ಬೇಕಿತ್ತೆಂಬುದು ಇಂದು ಪರದೆಯ ಮೇಲೆ ಅಂಕಿ ನೋಡಿ ತೀರ್ಮಾನಿಸುವ ನಮಗೆ ಸುಲಭವಾಗಿ ಹೊಳೆಯುವುದಿಲ್ಲ.

ಎರಡನೆಯ ದಾರಿ 9.ಕುಡಿ5. ಇದು ತಾಳ್ಮೆಯ ದಾರಿ. 9...ಒಂಇ7 10.ಒಂ×ಎಫ್6 ಒಂ×ಎಫ್6 11.ಸಿ3 ಎಂದು ಬಿಳಿ, ಎ3ರ ಕುದುರೆಯನ್ನು ಸಿ2ರ ಮೂಲಕ ಮತ್ತೆ ಕೇಂದ್ರಕ್ಕೆ ತರುವ ಯೋಚನೆ ಮಾಡುತ್ತದೆ. ಕಪ್ಪಿನ ಕಾಲಾಳುಗಳು ಇಲ್ಲಿ ಒಡೆಯುವುದಿಲ್ಲ, ಬಿಳಿಯ ಡಿ5 ಕುದುರೆಯೂ ಕದಲುವುದಿಲ್ಲ. ಇಲ್ಲಿ ಕಪ್ಪಿಗೆ ಒಂದು ಜಾಣ ತಿರುವೂ ಇದೆ. ಒಂಬತ್ತನೆಯ ನಡೆಯಲ್ಲಿ 9...ರಾಎ5 ಎಂದು ಷಾ ಕೊಟ್ಟರೆ ಬಿಳಿಯ ಒಂಟೆ ಡಿ2ಕ್ಕೆ ಹಿಂದಿರುಗಬೇಕು, ರಾಣಿ ಡಿ8ಕ್ಕೆ ವಾಪಸಾಗುತ್ತದೆ. ಬಿಳಿ ಮತ್ತೆ ಒಂಜಿ5 ಆಡಿದರೆ ಅದೇ ಸ್ಥಿತಿ ಮರಳಿ ಬಂದು ಆಟ ಡ್ರಾ ಕಡೆಗೆ ಹೋಗುತ್ತದೆ. ಗೆಲುವು ಬೇಕಾದ ಬಿಳಿ ಬೇರೆ ನಡೆ ಹುಡುಕಬೇಕು. ಅಂದರೆ ‘ಎದುರಾಳಿ ಸುಮ್ಮನೆ ಕಾದರೆ ಏನು ಮಾಡುವುದು’ ಎಂಬ ಪ್ರಶ್ನೆಗೂ ಕ್ರಮದೊಳಗೆ ಉತ್ತರ ಇತ್ತು. ಒಂದು ಓಪನಿಂಗ್ ಪೂರ್ಣವಾಗುವುದು ಅಬ್ಬರದ ದಾರಿಗಳಿಂದಲ್ಲ, ಇಂಥ ಸಣ್ಣ ಉತ್ತರಗಳಿಂದ.

ಇದಲ್ಲದೆ ಜೋಡಿ ಕಾಲಾಳಿನ ದಾರಿಯಲ್ಲಿ 10...ಒಂಜಿ7 ಎಂಬ ಕವಲು ಸೈಬೀರಿಯದ ನೊವೊಸಿಬಿರ್ಸ್ಕ್ ನಗರದ ಹೆಸರಿನಿಂದ ಪ್ರಸಿದ್ಧವಾಯಿತು. ಟಿಮೊಶ್ಚೆಂಕೊ ಆ ಊರಿಗೆ ಹೋಗಿ ನೆಲೆಸಿದ್ದ. ರಷ್ಯನ್ನರು ಇಡೀ ಕ್ರಮವನ್ನೇ ಚೆಲ್ಯಾಬಿನ್ಸ್ಕ್ ಕ್ರಮ ಎನ್ನುವುದುಂಟು. ಇಬ್ಬರ ಪಾಲನ್ನೂ ಒಳಗೊಳ್ಳುವುದರಿಂದ ಅದು ಹೆಚ್ಚು ನ್ಯಾಯದ ಹೆಸರು. ಟಿಮೊಶ್ಚೆಂಕೊ 1980ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದ, ಕ್ಯಾಸ್ಪರೊವ್‌ನ ಸಹಾಯಕನಾಗಿ ದುಡಿದ, ಮುಂದೆ ಸ್ಲೊವಾಕಿಯದಲ್ಲಿ ನೆಲೆಸಿದ. ಕ್ರಮವನ್ನು ವರ್ಷಗಟ್ಟಲೆ ಬಿಡದೆ ಆಡಿ, ಬರೆದು, ವಾದಿಸಿ ಲೋಕದ ಮುಂದಿಟ್ಟವನು ಸ್ವೆಶ್ನಿಕೊವ್ ಆದ್ದರಿಂದ ಜಗತ್ತು ಅವನ ಹೆಸರನ್ನೇ ಹಿಡಿಯಿತು.

ಮನ್ನಣೆ ಬಂದ ಬಗೆ

ಒಪ್ಪಿಗೆ ನಿಧಾನವಾಗಿ ಬಂತು. 1970ರ ದಶಕದ ನಡುವಿನಲ್ಲಿ ಯುವ ಆಟಗಾರರು ಇದನ್ನು ಎತ್ತಿಕೊಂಡಾಗಲೂ ಹಿರಿಯರಲ್ಲಿ ಹಲವರು ಇದನ್ನು ಒಂದು ಗೀಳೆಂದೇ ನೋಡಿದರು. ಪ್ರತಿ ಬಾರಿ ಯಾರೋ ಒಬ್ಬರು ಬಿಳಿಗೆ ಹೊಸ ನಡೆ ಹುಡುಕಿ ಕ್ರಮ ಮುರಿದುಬಿತ್ತು ಎಂದಾಗ, ಸ್ವಲ್ಪ ಕಾಲದಲ್ಲೇ ಕಪ್ಪಿನ ಕಡೆಯಿಂದ ಮರುತ್ತರ ಬರುತ್ತಿತ್ತು. ಓಪನಿಂಗ್‌ಗಳನ್ನು ಅಕ್ಷರ ಮತ್ತು ಅಂಕಿಯಿಂದ ವರ್ಗೀಕರಿಸುವ ಬೆಲ್‌ಗ್ರೇಡಿನ ವಿಶ್ವಕೋಶದಲ್ಲಿ ಇದರ ಸಂಕೇತ ಬಿ33. 1990ರ ದಶಕದಲ್ಲಿ ವ್ಲಾದಿಮಿರ್ ಕ್ರಾಮ್ನಿಕ್, ಪೀಟರ್ ಲೇಕೊ ಇದನ್ನು ತಮ್ಮ ಮುಖ್ಯ ಆಸರೆಯಾಗಿ ಮಾಡಿಕೊಂಡ ಮೇಲೆ ಸಂಶಯದ ಮಾತು ಅಡಗಿತು. ಶತಮಾನದ ತಿರುವಿನ ನಂತರ ಕ್ಯಾಸ್ಪರೊವ್ ಕೂಡ ಇದನ್ನು ಆಡಿದ. ಕಂಪ್ಯೂಟರ್‌ಗಳು ಬಲಗೊಂಡಾಗ ಎಷ್ಟೋ ಹಳೆಯ ಸಾಹಸದ ಓಪನಿಂಗ್‌ಗಳು ಕುಸಿದವು. ಇದು ಕುಸಿಯಲಿಲ್ಲ. ಯಂತ್ರಕ್ಕೆ ಡಿ5ರ ತೂತು ಕಾಣುತ್ತದೆ, ಜೊತೆಗೆ ಅಂಚಿನ ಕುದುರೆಗೆ ಖರ್ಚಾದ ನಾಲ್ಕು ನಡೆಗಳೂ ಕಾಣುತ್ತವೆ.

ಭಾರತೀಯ ಓದುಗರಿಗೆ ಹತ್ತಿರದ ಪ್ರಸಂಗ 2012ರದು. ಮಾಸ್ಕೋದ ಟ್ರೆಟ್ಯಾಕೊವ್ ಗ್ಯಾಲರಿಯಲ್ಲಿ ಆನಂದ್ ತನ್ನ ವಿಶ್ವ ಪಟ್ಟವನ್ನು ಗೆಲ್ಫಾಂಡ್ ಎದುರು ಕಾಯಬೇಕಿತ್ತು. ಐದನೆಯ ಆಟದಲ್ಲಿ ಆನಂದ್ ಆ ಸರಣಿಯಲ್ಲಿ ಮೊದಲ ಬಾರಿ 1.ಇ4 ಆಡಿದಾಗ ಗೆಲ್ಫಾಂಡ್ ಕೊಟ್ಟ ಉತ್ತರ ಸ್ವೆಶ್ನಿಕೊವ್ ಕ್ರಮ. ಆನಂದ್ 9.ಕುಡಿ5 ದಾರಿ ಹಿಡಿದ, ಆಟ ಡ್ರಾ ಆಯಿತು. ಹತ್ತು ಮತ್ತು ಹನ್ನೆರಡನೆಯ ಆಟಗಳಲ್ಲಿ ಆನಂದ್ ಮತ್ತೆ ಅದೇ ಗೋಡೆಗೆ ಹಣೆ ಕೊಡಲಿಲ್ಲ, ಮೂರನೆಯ ನಡೆಯಲ್ಲೇ ಒಂಟೆಯನ್ನು ಬಿ5ಕ್ಕೆ ಇಟ್ಟು ಬೇರೆ ಹಾದಿಗೆ ತಿರುಗಿಸಿದ. 6-6ರಲ್ಲಿ ನಿಂತ ಸರಣಿಯನ್ನು ಟೈಬ್ರೇಕ್‌ನಲ್ಲಿ 2.5-1.5ರಿಂದ ಗೆದ್ದ. ಒಂದು ಓಪನಿಂಗ್‌ಗೆ ಸಲ್ಲುವ ದೊಡ್ಡ ಗೌರವವೆಂದರೆ ವಿಶ್ವ ಚಾಂಪಿಯನ್ ಅದನ್ನು ತಪ್ಪಿಸಿಕೊಂಡು ಹೋಗುವುದು.

2018ರ ಲಂಡನ್ ಸರಣಿಯಲ್ಲೂ ಇದೇ ಬಗೆಯ ಹೋರಾಟ ನಡೆಯಿತು. ಕರುವಾನ ಮೊದಲರ್ಧದಲ್ಲಿ ಮೂರನೆಯ ನಡೆಯ ಒಂಬಿ5ನಿಂದ ಕ್ರಮವನ್ನು ತಪ್ಪಿಸಿದ. ಎಂಟನೆಯ ಆಟದಿಂದ ನೇರವಾಗಿ ಎದುರಿಸಿದ, ಅದೂ ಅಪರೂಪದ 7.ಕುಡಿ5 ದಾರಿಯಿಂದ. ಅಲ್ಲಿ ಕುದುರೆಗಳು ಬದಲಾಗಿ ಬಿಳಿಯ ಇ ಕಾಲಾಳು ಡಿ5ಕ್ಕೆ ಬರುತ್ತದೆ. ತೂತನ್ನು ಬಿಳಿ ತನ್ನ ಕಾಲಾಳಿನಿಂದಲೇ ಮುಚ್ಚಿಬಿಡುವುದರಿಂದ ಆಟದ ಸ್ವರೂಪವೇ ಬೇರೆಯಾಗುತ್ತದೆ: ಬಿಳಿ ರಾಣಿಯ ಕಡೆ, ಕಪ್ಪು ರಾಜನ ಕಡೆ ನುಗ್ಗುತ್ತವೆ. ಎಂಟು, ಹತ್ತು, ಹನ್ನೆರಡನೆಯ ಆಟಗಳು ಮೂರೂ ಡ್ರಾ ಆದವು. ಸರಣಿಯ ಹನ್ನೆರಡೂ ಆಟಗಳು ಡ್ರಾ ಆದ ಮೇಲೆ ನಡೆದ ರ‍್ಯಾಪಿಡ್ ಟೈಬ್ರೇಕ್‌ನಲ್ಲಿ ಕಾರ್ಲ್‌ಸನ್ 3-0ಯಿಂದ ಗೆದ್ದ. ಅದರ ಎರಡನೆಯ ಆಟವನ್ನು ಆತ ಕಪ್ಪು ಕಾಯಿಗಳಿಂದ ಗೆದ್ದದ್ದು ಇದೇ ಕ್ರಮದಲ್ಲಿ. ಆಗ ಸ್ವೆಶ್ನಿಕೊವ್‌ಗೆ 68 ವರ್ಷ.

ಬಿಳಿ ಕಾಯಿಗಳಿಂದ

ಈತನ ಹೆಸರು ಹೊತ್ತ ಕ್ರಮದ ಗದ್ದಲದಲ್ಲಿ ಬಿಳಿ ಕಾಯಿಗಳ ಆಟ ಮರೆಯಾಗುವುದುಂಟು. ಅದು ಸರಿಯಲ್ಲ, ಏಕೆಂದರೆ ಎರಡನ್ನೂ ಜೊತೆಗಿಟ್ಟು ನೋಡಿದಾಗಲೇ ಈತನ ಯೋಚನೆ ಏನೆಂದು ತಿಳಿಯುತ್ತದೆ.

ಸಿಸಿಲಿಯನ್ ಎದುರು ಈತ ಆಡುತ್ತಿದ್ದುದು 2.ಸಿ3, ಅಂದರೆ ಸೆಮ್ಯೊನ್ ಅಲಾಪಿನ್ ಹೆಸರಿನ ಕ್ರಮ. ಕಪ್ಪು ಕಾಯಿಗಳಿಂದ ಸಿಸಿಲಿಯನ್‌ನ ಅತಿ ಹರಿತವಾದ ದಾರಿ ಹಿಡಿಯುವವನು ಬಿಳಿಯಿಂದ ಇಷ್ಟು ಸೌಮ್ಯವಾಗಿ ಆಡುವುದೇಕೆ ಎಂದು ಕೇಳಬಹುದು. ಕಾರಣ ಸರಳ. 2.ಕುಎಫ್3, 3.ಡಿ4 ಎಂಬ ಸಾಮಾನ್ಯ ದಾರಿಯಲ್ಲಿ ಬಿಳಿ ತನ್ನ ಕೇಂದ್ರದ ಡಿ ಕಾಲಾಳನ್ನು ಕಪ್ಪಿನ ಸಿ ಕಾಲಾಳಿಗೆ ಕೊಟ್ಟುಬಿಡುತ್ತದೆ. ಆ ಮೇಲೆ ಕೇಂದ್ರದಲ್ಲಿ ಕಪ್ಪಿಗೆ ಎರಡು, ಬಿಳಿಗೆ ಒಂದು ಕಾಲಾಳು. ಸ್ವೆಶ್ನಿಕೊವ್ ಕ್ರಮದ 5...ಇ5 ನಿಂತಿರುವುದೇ ಆ ಹೆಚ್ಚುವರಿ ಕೇಂದ್ರ ಕಾಲಾಳಿನ ಮೇಲೆ. ಕಪ್ಪಿನಲ್ಲಿ ತಾನು ನೆಚ್ಚುವ ಲಾಭವನ್ನು ಬಿಳಿಯಲ್ಲಿ ಎದುರಾಳಿಗೆ ಬಿಟ್ಟುಕೊಡುವುದು ಈತನಿಗೆ ಒಪ್ಪಿಗೆಯಾಗದ ಮಾತು. 2.ಸಿ3 ಆಡಿದರೆ ಡಿ4ರಲ್ಲಿ ಹೊಡೆತ ಬಿದ್ದಾಗ ಕಾಲಾಳಿನಿಂದಲೇ ತಿರುಗಿ ಹೊಡೆದು ಇ ಮತ್ತು ಡಿ ಕಾಲಾಳುಗಳನ್ನು ಅಕ್ಕಪಕ್ಕ ಉಳಿಸಿಕೊಳ್ಳಬಹುದು.

ಕಪ್ಪಿಗೆ ಎರಡು ಒಳ್ಳೆಯ ಉತ್ತರಗಳಿವೆ. 2...ಡಿ5 3.ಇ×ಡಿ5 ರಾ×ಡಿ5 4.ಡಿ4 ಎಂದಾಗ ರಾಣಿ ಬೇಗ ಹೊರಗೆ ಬಂದಿದೆ, ಆದರೆ ಸಿ3ರಲ್ಲಿ ಬಿಳಿಯ ಕಾಲಾಳಿರುವುದರಿಂದ ಕುದುರೆ ಅಲ್ಲಿಗೆ ಬಂದು ಅದನ್ನು ಓಡಿಸಲಾರದು. 2...ಕುಎಫ್6 3.ಇ5 ಕುಡಿ5 4.ಡಿ4 ಎಂದಾಗ ಬಿಳಿಗೆ ಮುಂದುವರಿದ ಇ5 ಕಾಲಾಳಿನ ಜಾಗ ಸಿಗುತ್ತದೆ. ಎರಡರಲ್ಲೂ ಸ್ವೆಶ್ನಿಕೊವ್‌ನ ಆಟಗಳು ದಶಕಗಳ ಕಾಲ ಪಾಠವಾಗಿ ನಿಂತವು. ಹಿಂದೆ ಅರೆಮನಸ್ಸಿನ ತಪ್ಪಿಸಿಕೊಳ್ಳುವಿಕೆ ಎನಿಸಿದ್ದ ಅಲಾಪಿನ್‌ಗೆ ಗಂಭೀರ ಅಸ್ತ್ರವೆಂಬ ಸ್ಥಾನ ಕೊಟ್ಟವರಲ್ಲಿ ಈತ ಮೊದಲ ಸಾಲಿನವನು. 1996ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಡೀಪ್ ಬ್ಲೂ ಕಂಪ್ಯೂಟರ್ ಮೊದಲ ಆಟದಲ್ಲೇ ಕ್ಯಾಸ್ಪರೊವ್‌ನನ್ನು ಸೋಲಿಸಿತು. ಹಾಲಿ ವಿಶ್ವ ಚಾಂಪಿಯನ್ ಒಬ್ಬ ಪೂರ್ಣ ಸಮಯದ ಆಟದಲ್ಲಿ ಯಂತ್ರಕ್ಕೆ ಸೋತದ್ದು ಅದೇ ಮೊದಲು. ಆ ಆಟ ಶುರುವಾದದ್ದು 1.ಇ4 ಸಿ5 2.ಸಿ3 ನಡೆಗಳಿಂದ.

ಫ್ರೆಂಚ್ ಡಿಫೆನ್ಸ್ ಎದುರು ಈತನ ಆಯ್ಕೆ 1.ಇ4 ಇ6 2.ಡಿ4 ಡಿ5 3.ಇ5. ಕಪ್ಪು 3...ಸಿ5 ಎಂದು ಕೇಂದ್ರದ ಬುಡವನ್ನು ಅಲುಗಿಸಿದಾಗ ಉತ್ತರ ಮತ್ತೆ 4.ಸಿ3. ಸಿ3, ಡಿ4, ಇ5 ಎಂಬ ಕಾಲಾಳುಗಳ ಸರಪಳಿ ಹಲಗೆಯನ್ನು ಓರೆಯಾಗಿ ಸೀಳಿ, ರಾಜನ ಕಡೆ ಬಿಳಿಗೆ ಜಾಗ ಬಿಡಿಸಿಕೊಡುತ್ತದೆ. 4...ಕುಸಿ6 5.ಕುಎಫ್3 ರಾಬಿ6 ಆದ ಮೇಲೆ ಈತ ನೆಚ್ಚಿದ ನಡೆ 6.ಎ3. ನೋಟಕ್ಕೆ ಸಪ್ಪೆ, ಆದರೆ ಅದರ ಹಿಂದೆ ಬಿ4 ಆಡಿ ರಾಣಿಯ ಕಡೆಯಲ್ಲೂ ಜಾಗ ಕಸಿಯುವ ಬೆದರಿಕೆ ಇದೆ. ಕಪ್ಪು ಅದನ್ನು ತಡೆಯಲು ಸಿ4 ಆಡಿದರೆ ಡಿ4ರ ಮೇಲಿನ ಒತ್ತಡ ತಾನಾಗಿಯೇ ಹೋಗುತ್ತದೆ. 20ನೆಯ ಶತಮಾನದ ಆರಂಭದಲ್ಲಿ ಈ ಇ5 ಕ್ರಮವನ್ನು ಹಟ ಹಿಡಿದು ಸಮರ್ಥಿಸಿದವನು ಆರನ್ ನಿಮ್ಜೊವಿಚ್. ಆತ ಹುಟ್ಟಿದ್ದು ರೀಗಾದಲ್ಲಿ. ಸ್ವೆಶ್ನಿಕೊವ್ ಮುಂದೆ ನೆಲೆಸಿದ ಊರೂ ಅದೇ. ನಿಮ್ಜೊವಿಚ್ ತತ್ತ್ವವಾಗಿ ಹೇಳಿದ್ದನ್ನು ಸ್ವೆಶ್ನಿಕೊವ್ ನಡೆ ನಡೆಯಾಗಿ ಪರೀಕ್ಷಿಸಿ ತೋರಿಸಿದನೆನ್ನಬಹುದು. ಕಾರೊ-ಕಾನ್ ಡಿಫೆನ್ಸ್ ಎದುರೂ ಈತ 3.ಇ5 ಆಡುತ್ತಿದ್ದ.

ಹೀಗೆ ಮೂರು ಬೇರೆ ಬೇರೆ ಓಪನಿಂಗ್‌ಗಳಂತೆ ಕಾಣುವುದು ಒಂದೇ ನಂಬಿಕೆಯ ಮೂರು ರೂಪ. ಕೇಂದ್ರವನ್ನು ಕಾಲಾಳಿನಿಂದ ಹಿಡಿ, ಜಾಗ ಗಳಿಸು, ಅದಕ್ಕಾಗಿ ಒಂದು ಕಾಯಂ ದೌರ್ಬಲ್ಯ ಬಂದರೂ ಬರಲಿ, ಅದರ ಬೆಲೆಯನ್ನು ನಡೆಗಳಲ್ಲಿ ವಸೂಲು ಮಾಡು. ಎದುರಾಳಿಯನ್ನು ನೋಡಿ ಓಪನಿಂಗ್ ಬದಲಿಸುವ ಆಟಗಾರರೇ ಹೆಚ್ಚು. ಸ್ವೆಶ್ನಿಕೊವ್ ಹಾಗೆ ಮಾಡಲಿಲ್ಲ. ತಾನು ಏನು ಆಡುತ್ತೇನೆಂದು ಎದುರಾಳಿಗೆ ತಿಂಗಳ ಮೊದಲೇ ಗೊತ್ತಿದ್ದರೂ ಅದನ್ನೇ ಆಡುತ್ತಿದ್ದ. ಇದಕ್ಕೆ ತೆತ್ತ ದಂಡವೂ ಇತ್ತು: ಎದುರಾಳಿಗಳು ಮನೆಯಲ್ಲೇ ತಯಾರಾಗಿ ಬರುತ್ತಿದ್ದರು. ನನ್ನ ಎಣಿಕೆಯಲ್ಲಿ ಈತ ಇನ್ನಷ್ಟು ಮೇಲೇರದಿರಲು ಇದೂ ಒಂದು ಕಾರಣ. ಆದರೆ ಆ ಹಟವಿಲ್ಲದಿದ್ದರೆ 5...ಇ5 ಇವತ್ತು ಉಳಿಯುತ್ತಿರಲಿಲ್ಲ. ಪ್ರತಿ ಸೋಲಿನ ನಂತರ ಓಪನಿಂಗ್ ಬಿಟ್ಟುಕೊಡುವವನಿಂದ ಸೋಲಿಗೆ ಕಾರಣ ಓಪನಿಂಗೋ ಹದಿನೆಂಟನೆಯ ನಡೆಯೋ ಎಂಬುದು ತೀರ್ಮಾನವಾಗುವುದೇ ಇಲ್ಲ.

ಪುಸ್ತಕಗಳು, ಹಕ್ಕಿನ ವಾದ

5...ಇ5 ಕುರಿತ ಈತನ ಪುಸ್ತಕ 1988ರಲ್ಲಿ ಮಾಸ್ಕೋದಲ್ಲಿ ಪ್ರಕಟವಾಯಿತು. ಮರುವರ್ಷ ಇಂಗ್ಲೆಂಡಿನಲ್ಲಿ ಅದು ‘ದಿ ಸಿಸಿಲಿಯನ್ ಪೆಲಿಕಾನ್’ ಎಂಬ ಹೆಸರಿನಲ್ಲಿ ಬಂತು. ಕ್ರಮ ಕಟ್ಟಿದವನ ಪುಸ್ತಕದ ಮುಖಪುಟದ ಮೇಲೇ ಇನ್ನೊಬ್ಬನ ಹೆಸರು! ಮುಂದೆ ಫ್ರೆಂಚ್ ಡಿಫೆನ್ಸ್‌ನ ಇ5 ಕ್ರಮದ ಮೇಲೆ ಎರಡು ಸಂಪುಟಗಳು, 2010ರಲ್ಲಿ 2.ಸಿ3 ಕುರಿತ ದೊಡ್ಡ ಗ್ರಂಥ, ಸಿಸಿಲಿಯನ್ ಎದುರು 2.ಎಫ್4 ಆಡುವ ಗ್ರ್ಯಾನ್ ಪ್ರಿ ದಾಳಿಯ ಕುರಿತು ಒಂದು ಪುಸ್ತಕ ಬಂದವು. ಈ ಗ್ರಂಥಗಳಲ್ಲಿ ಬರಿಯ ನಡೆಗಳ ಪಟ್ಟಿಯಿಲ್ಲ. ಒಂದು ಕಾಲಾಳು ರಚನೆಯಿಂದ ಹುಟ್ಟುವ ಯೋಜನೆಗಳನ್ನು ಮೊದಲು ಹೇಳಿ, ಆಮೇಲೆ ಆಟಗಳಿಂದ ಅದನ್ನು ತೋರಿಸುವುದು ಈತನ ಕ್ರಮ. ಮಗ ವ್ಲಾದಿಮಿರ್ ಜೊತೆ ಸೇರಿ ಕಡಿಮೆ ಸಮಯದ ಆಟಗಳಿಗೆ ಓಪನಿಂಗ್ ಆಯ್ಕೆಯ ಪುಸ್ತಕವನ್ನೂ ಬರೆದ.

ಸ್ವೆಶ್ನಿಕೊವ್ ಬಿಡದೆ ಎತ್ತುತ್ತಿದ್ದ ಇನ್ನೊಂದು ವಿಷಯ ಆಟಗಾರನ ಹಕ್ಕು. ಆಟದ ನಡೆಗಳು ಆಡಿದವರ ಸೃಷ್ಟಿ. ಅವನ್ನು ಪತ್ರಿಕೆಗಳು, ಡೇಟಾಬೇಸ್ ಕಂಪನಿಗಳು ಮಾರಿ ಹಣ ಮಾಡುವಾಗ ಆಡಿದವನಿಗೂ ಪಾಲು ಸಲ್ಲಬೇಕು ಎಂಬುದು ವಾದ. ನೂರು ವರ್ಷ ಹಿಂದೆ ಲಾಸ್ಕರ್ ಕೂಡ ತನ್ನ ಆಟಗಳ ಮೇಲೆ ಹಕ್ಕು ಕೇಳಿದ್ದ. ಕಾನೂನು ಈ ವಾದದ ಕಡೆಗಿಲ್ಲ. 2016ರಲ್ಲಿ ಕಾರ್ಲ್‌ಸನ್-ಕರ್ಯಾಕಿನ್ ವಿಶ್ವ ಪಟ್ಟದ ಸರಣಿಯ ವೇಳೆ ನ್ಯೂಯಾರ್ಕ್‌ನ ನ್ಯಾಯಾಲಯ, ಆಟದ ನಡೆಗಳನ್ನು ಬೇರೆ ತಾಣಗಳು ಪ್ರಸಾರ ಮಾಡದಂತೆ ತಡೆಯಬೇಕೆಂಬ ಸಂಘಟಕರ ಕೋರಿಕೆಯನ್ನು ಒಪ್ಪಲಿಲ್ಲ. ಹಾಗೆಂದು ಸ್ವೆಶ್ನಿಕೊವ್‌ನ ಅಳಲನ್ನು ತಳ್ಳಿಹಾಕುವಂತಿಲ್ಲ. ಈತ ಇಪ್ಪತ್ತು ವರ್ಷ ದುಡಿದು ಕಂಡುಕೊಂಡ ನಡೆಯನ್ನು ಯಾರು ಬೇಕಾದರೂ ಮರುದಿನವೇ ಈತನ ವಿರುದ್ಧವೇ ಆಡಬಹುದಿತ್ತು, ಪುಸ್ತಕ ಮಾಡಿ ಮಾರಬಹುದಿತ್ತು. ಓಪನಿಂಗ್ ಸಂಶೋಧನೆಯನ್ನೇ ಬದುಕು ಮಾಡಿಕೊಂಡವನಿಗೆ ಈ ಪ್ರಶ್ನೆ ಬೇರೆ ಯಾರಿಗಿಂತಲೂ ಹೆಚ್ಚು ತಟ್ಟಿದ್ದು ಸಹಜ.

ನಂತರದ ವರ್ಷಗಳು

ಸೋವಿಯತ್ ಒಕ್ಕೂಟ ಒಡೆದ ಮೇಲೆ ಸ್ವೆಶ್ನಿಕೊವ್ ಲಾಟ್ವಿಯದಲ್ಲಿ ನೆಲೆಸಿ ಆ ದೇಶದ ಪರವಾಗಿ ಒಲಿಂಪಿಯಾಡ್‌ನಲ್ಲಿ ಆಡಿದ. 2003 ಮತ್ತು 2008ರಲ್ಲಿ ಲಾಟ್ವಿಯದ ಚಾಂಪಿಯನ್ ಆದ. ಎರಡನೆಯ ಬಾರಿ ಗೆದ್ದಾಗ ವಯಸ್ಸು ಅರುವತ್ತರ ಹತ್ತಿರ. 2017ರಲ್ಲಿ ಇಟಲಿಯ ಆಕ್ವಿ ತೆರ್ಮೆಯಲ್ಲಿ ನಡೆದ ಹಿರಿಯರ ವಿಶ್ವ ಚಾಂಪಿಯನ್‌ಷಿಪ್‌ನ 65 ವರ್ಷ ಮೇಲ್ಪಟ್ಟವರ ವಿಭಾಗದಲ್ಲಿ ಪ್ರಶಸ್ತಿ ಗೆದ್ದ. ತರಬೇತಿ, ಉಪನ್ಯಾಸ, ಬರವಣಿಗೆಗಳೂ ಜೊತೆಗೆ ನಡೆದಿದ್ದವು. 2021ರ ಆಗಸ್ಟ್ 18ರಂದು, 71ನೆಯ ವಯಸ್ಸಿನಲ್ಲಿ ತೀರಿಕೊಂಡ.